ಬಿಸಿಲಿನ ಜಮಾಖರ್ಚು: ಹೊಲ, ಕೊಟ್ಟಿಗೆ ಮತ್ತು ಕೆರೆಗಳಲ್ಲಿ ಶಕ್ತಿಯು ಬಂದು ಹೋಗುವ ರೀತಿ

ಬೆಳೆಯು ಭೂಮಿಯಿಂದ ಹೀರಿಕೊಂಡ ಸಾರವನ್ನು ಗೊಬ್ಬರದ ರೂಪದಲ್ಲಿ ಭೂಮಿಗೆ ಹಿಂದಿರುಗಿಸಬೇಕೆಂಬುದನ್ನು ಈ ನಾಡಿನ ಬೇಸಾಯಗಾರರಿಗೆ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ತಿಪ್ಪೆಯ ಬೆಲೆಯನ್ನು ಅವರು ತಲೆತಲಾಂತರದಿಂದ ಬಲ್ಲರು. ಆದರೆ ಕಣಕ್ಕೆ ಬಂದ ಪ್ರತಿಯೊಂದು ಹೊರೆಯಲ್ಲಿಯೂ ಎರಡು ಬಗೆಯ ಆಸ್ತಿಯು ಅಡಗಿರುವುದೆಂಬುದು ಸಾಮಾನ್ಯವಾಗಿ ಲಕ್ಷ್ಯಕ್ಕೆ ಬರುವುದಿಲ್ಲ. ಒಂದು, ಮಣ್ಣಿನಿಂದ ಬಂದ ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದ ಲವಣಾಂಶ. ಇನ್ನೊಂದು, ಬಿಸಿಲಿನಿಂದ ಬಂದ ಶಕ್ತಿ. ಮೊದಲನೆಯದು ಹೊಲದಿಂದ ಮನೆಗೂ ಮನೆಯಿಂದ ಹೊಲಕ್ಕೂ ಎಷ್ಟು ಸಲ ಬೇಕಾದರೂ ಓಡಾಡಬಲ್ಲದು. ಎರಡನೆಯದು ಹಾಗಲ್ಲ. ಅದು ಒಂದೇ ದಿಕ್ಕಿನಲ್ಲಿ ಹರಿಯತಕ್ಕದ್ದು. ಗಿಡದಿಂದ ದನಕ್ಕೆ, ದನದಿಂದ ಮನುಷ್ಯನಿಗೆ, ಸೆಗಣಿಯಿಂದ ಮಣ್ಣಿನ ಹುಳುಗಳಿಗೆ ದಾಟುತ್ತ, ದಾಟಿದಷ್ಟು ಸಲವೂ ತನ್ನಲ್ಲಿ ಒಂದು ದೊಡ್ಡ ಪಾಲನ್ನು ಕಾವಾಗಿ ಗಾಳಿಗೆ ಬಿಟ್ಟು, ಕಡೆಗೆ ಪೂರ್ತಿಯಾಗಿ ಹೋಗಿಬಿಡುತ್ತದೆ. ಹೋದ ಕಾವನ್ನು ಯಾವ ಗುಂಡಿಯಲ್ಲಿಯೂ ಶೇಖರಿಸಿ ಮತ್ತೆ ಹೊಲಕ್ಕೆ ಹಾಕಲಾಗದು.

ಈ ಭೇದವನ್ನು ಮರೆತುದರಿಂದ ಗ್ರಾಮಗಳಲ್ಲಿ ಎರಡು ನಂಬಿಕೆಗಳು ಬೇರೂರಿವೆ. ದನಗಳು ಹೆಚ್ಚಿದಷ್ಟೂ ಗೊಬ್ಬರವು ಹೆಚ್ಚುವುದೆಂಬುದು ಒಂದು; ಬೆರಣಿಯು ಪುಕ್ಕಟೆಯಾಗಿ ದೊರೆಯುವ ಸೌದೆಯೆಂಬುದು ಇನ್ನೊಂದು. ಇವೆರಡರಿಂದಲೂ ಆಗುತ್ತಿರುವ ನಷ್ಟವು ಎಷ್ಟೆಂಬುದನ್ನು ತಿಳಿಯಬೇಕಾದರೆ, ಶಕ್ತಿಯ ಲೆಕ್ಕವನ್ನು ಅದು ಜಮಾ ಆಗುವ ಸ್ಥಳದಿಂದಲೇ ನೋಡಿಕೊಂಡು ಬರಬೇಕು.

ಬಿಸಿಲಿನ ಜಮಾ

ಕಾವನ್ನು ಅಳೆಯಲು ಕಿಲೋಕ್ಯಾಲರಿ ಎಂಬ ಒಂದು ಅಳತೆಯುಂಟು. ಒಂದು ಲೀಟರು ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಬೇಕಾಗುವ ಕಾವೇ ಒಂದು ಕಿಲೋಕ್ಯಾಲರಿ. ಕಷ್ಟಪಟ್ಟು ದುಡಿಯುವ ಮನುಷ್ಯನಿಗೆ ದಿನಕ್ಕೆ 2,400 ಕಿಲೋಕ್ಯಾಲರಿಗಳಿಗೆ ಕಡಮೆಯಿಲ್ಲದ ಆಹಾರವು ಬೇಕು. ಒಂದು ಕಿಲೋ ರಾಗಿಯಲ್ಲಿ ಸುಮಾರು 3,200 ಕಿಲೋಕ್ಯಾಲರಿಗಳಿವೆ.

ಬಯಲುಸೀಮೆಯಲ್ಲಿ ಒಂದು ಚದರ ಮೀಟರು ನೆಲದ ಮೇಲೆ ದಿನವೊಂದಕ್ಕೆ ಸರಾಸರಿ 4,300 ಕಿಲೋಕ್ಯಾಲರಿಗಳಷ್ಟು ಬಿಸಿಲು ಬೀಳುವುದು. ಅಂದರೆ ರಾಗಿಯು ನೆಲದಲ್ಲಿರುವ ನಾಲ್ಕು ತಿಂಗಳಲ್ಲಿ ಒಂದು ಎಕರೆಗೆ ಸುಮಾರು 200 ಕೋಟಿ ಕಿಲೋಕ್ಯಾಲರಿಗಳು ಜಮಾ ಆದಂತಾಯಿತು. ಆ ಎಕರೆಯಲ್ಲಿ 8 ಕ್ವಿಂಟಾಲು ರಾಗಿಯೂ ಅದರ ಎರಡರಷ್ಟು ಹುಲ್ಲೂ ಬಂದಿತೆಂದು ಇಟ್ಟುಕೊಳ್ಳೋಣ. ಕೂಳೆ, ಬೇರುಗಳನ್ನೂ ಸೇರಿಸಿದರೆ ಒಟ್ಟು 3 ಟನ್ ಒಣ ಪದಾರ್ಥವಾಗುತ್ತದೆ. ಇಷ್ಟನ್ನೂ ಸುಟ್ಟು ಕಾವನ್ನು ಅಳೆದರೆ ದೊರೆಯುವುದು ಸುಮಾರು 1 ಕೋಟಿ 20 ಲಕ್ಷ ಕಿಲೋಕ್ಯಾಲರಿ ಮಾತ್ರ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲೂ ಬೆಳೆಯ ಕೈಗೆ ಸಿಕ್ಕಲಿಲ್ಲ. ಅರ್ಧ ಪಾಲಿಗೆ ಸ್ವಲ್ಪ ಮೇಲ್ಪಟ್ಟು ಸಿಕ್ಕಿತು.

ಮಿಕ್ಕುದೆಲ್ಲ ಏನಾಯಿತೆಂದರೆ, ಬಿಸಿಲಿನಲ್ಲಿ ಸುಮಾರು ಅರ್ಧವು ಎಲೆಯ ಹಸುರಿಗೆ ಉಪಯೋಗಕ್ಕೆ ಬಾರದ ಬಗೆಯದು. ಉಳಿದ ಅರ್ಧದಲ್ಲಿ ಸ್ವಲ್ಪವು ಎಲೆಯಿಂದ ಹಿಂದಕ್ಕೆ ಪುಟಿದುಹೋಗುತ್ತದೆ. ಬಿದ್ದ ಬಿಸಿಲಿನ ಬಹುಭಾಗವು ನೀರನ್ನು ಆವಿಮಾಡುವುದರಲ್ಲಿಯೂ ನೆಲವನ್ನು ಕಾಯಿಸುವುದರಲ್ಲಿಯೂ ಮುಗಿದುಹೋಗುತ್ತದೆ. ಒಂದು ಲೀಟರು ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿಗಳು ಬೇಕಾದುದರಿಂದ, ಬಿಸಿಲು ಬಲವಾಗಿರುವ ದಿನಗಳಲ್ಲಿ ಪೈರು ನೀರಿಗಾಗಿ ಬಾಯಿಬಿಡುವುದು ಆಶ್ಚರ್ಯವಲ್ಲ. ಇದಲ್ಲದೆ, ಬಿತ್ತನೆಯಾದ ಮೊದಲ ನಾಲ್ಕೈದು ವಾರಗಳಲ್ಲಿ ಎಲೆಯು ನೆಲವನ್ನು ಮುಚ್ಚಿರುವುದಿಲ್ಲವಾಗಿ, ಆ ಕಾಲದ ಬಿಸಿಲು ಬರಿಯ ಮಣ್ಣಿನ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆಯನ್ನೂ ತೊಗರಿಯನ್ನೂ ಹಾಕುವ ಹಳೆಯ ಪದ್ಧತಿಯ ಒಂದು ಗುಣವು ಇಲ್ಲಿ ಸ್ಪಷ್ಟವಾಗುವುದು. ರಾಗಿಯ ಕೊಯ್ಲಾದ ಮೇಲೆಯೂ ಅವರೆಯ ಎಲೆಯು ಪುಷ್ಯಮಾಸದವರೆಗೆ ಹೊಲದಲ್ಲಿ ನಿಂತು, ಇಲ್ಲವಾದರೆ ಯಾರಿಗೂ ಸಲ್ಲದಿದ್ದ ಬಿಸಿಲನ್ನು ಕಾಳಾಗಿಯೂ ಸೊಪ್ಪಾಗಿಯೂ ಮಾಡಿಕೊಡುತ್ತದೆ. ಎಲೆಯಿಲ್ಲದ ನೆಲದ ಮೇಲೆ ಬಿದ್ದ ಬಿಸಿಲಿಗೆ ಜಮಾ ಎಂಬುದಿಲ್ಲ.

ಎಲೆಯು ಹಿಡಿದ ಶಕ್ತಿಯೆಲ್ಲವೂ ಪೈರಿನಲ್ಲಿ ಉಳಿಯುವುದಿಲ್ಲ. ಗಿಡವೂ ಉಸಿರಾಡುವ ಪ್ರಾಣಿಯಂತೆಯೇ ಸರಿ. ಬೇರನ್ನು ಬೆಳೆಸಲು, ನೀರನ್ನು ಎಳೆಯಲು, ಬದುಕಿರಲು ಅದು ತಾನು ಕೂಡಿಸಿದ ಸಕ್ಕರೆಯಲ್ಲಿ ಒಂದು ದೊಡ್ಡ ಭಾಗವನ್ನು ತಾನೇ ಉರಿಸಿಕೊಳ್ಳುತ್ತದೆ. ಮೇಲಿನ ಲೆಕ್ಕವು ಈ ಖರ್ಚು ಕಳೆದ ಮೇಲಿನ ಶಿಲ್ಕು. ಹುಲ್ಲನ್ನು ಚೆನ್ನಾಗಿ ಒಣಗಿಸದೆ ಬಣವೆ ಹಾಕಿದರೆ ಎರಡು ಮೂರು ದಿನಗಳಲ್ಲಿ ಒಳಗೆ ಕೈಯಿಡಲಾರದಷ್ಟು ಬಿಸಿಯಾಗುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಹಸಿಯ ಹುಲ್ಲೂ ಅದರ ಮೇಲೆ ಬೆಳೆಯುವ ಬೂಷ್ಟೂ ಉಸಿರಾಡುವುದರಿಂದ ಹೊರಬಿದ್ದ ಆ ಕಾವು, ಆಷಾಢದಿಂದ ಕಾರ್ತಿಕದವರೆಗೆ ಎಲೆಯು ಹಿಡಿದಿಟ್ಟಿದ್ದ ಬಿಸಿಲೇ ಆಗಿದೆ.

ಒಂದು ಬುಗ್ಗೆಯ ಖಿರ್ದಿ ಪುಸ್ತಕ

ಒಂದು ಪ್ರದೇಶದ ನೆಲ, ನೀರು, ಗಿಡ, ಪ್ರಾಣಿ, ಹುಳು ಇವೆಲ್ಲವನ್ನೂ ಒಂದೇ ಸಂಸಾರವೆಂದು ಎಣಿಸಿ ನೋಡಬೇಕೆಂದು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಟಾನ್ಸ್ಲೆ ಎಂಬವರು 1935ರಲ್ಲಿ ಸೂಚಿಸಿದರು. ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ ರೇಮಂಡ್ ಲಿಂಡೆಮನ್ ಎಂಬ ತರುಣನು ಒಂದು ಸಣ್ಣ ಜೌಗು ಕೆರೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ, ಅಂತಹ ಸಂಸಾರದಲ್ಲಿ ಶಕ್ತಿಯು ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ ಹೇಗೆ ದಾಟುವುದೆಂಬ ಲೆಕ್ಕವನ್ನು ಬರೆದನು. ಆ ಲೇಖನವು 1942ರಲ್ಲಿ ಅಚ್ಚಾಗುವುದಕ್ಕೆ ಕೆಲವು ತಿಂಗಳು ಮುಂಚೆ, 27 ವರ್ಷ ತುಂಬುವ ಮೊದಲೇ, ಅವನು ಗತಿಸಿದನು. ಇದೇ ದಾರಿಯನ್ನು ಹಿಡಿದ ಹೊವರ್ಡ್ ಓಡಮ್ ಎಂಬ ವಿದ್ವಾಂಸರು ಫ್ಲಾರಿಡಾ ಪ್ರಾಂತದ ಸಿಲ್ವರ್ ಸ್ಪ್ರಿಂಗ್ಸ್ ಎಂಬ ದೊಡ್ಡ ನೀರಿನ ಬುಗ್ಗೆಯ ಲೆಕ್ಕವನ್ನು 1957ರಲ್ಲಿ ಪ್ರಕಟಿಸಿದರು. ಹಿಂದಿನ ಕಾಲದ ಶಾನುಭೋಗರು ಬರೆಯುತ್ತಿದ್ದ ಖಿರ್ದಿಯಂತೆ ಅದು ಜಮಾಕ್ಕೂ ಖರ್ಚಿಗೂ ಸರಿಹೊಂದುವುದಾದ್ದರಿಂದ ಇಲ್ಲಿ ಪೂರ್ತಿಯಾಗಿ ತಿಳಿಸಲು ಯೋಗ್ಯವಾಗಿದೆ.

ಆ ಬುಗ್ಗೆಯಲ್ಲಿ ಒಂದು ಚದರ ಮೀಟರಿನ ಮೇಲೆ ವರ್ಷಕ್ಕೆ ಬೀಳುವ ಬಿಸಿಲು 17 ಲಕ್ಷ ಕಿಲೋಕ್ಯಾಲರಿ. ನೀರಿನೊಳಗಿನ ಸಸ್ಯಗಳ ಮೈಗೆ ತಾಕಿದುದು 4,10,000. ಅವು ಸಕ್ಕರೆಯಾಗಿ ಕಟ್ಟಿಕೊಂಡುದು 20,810. ಇದಲ್ಲದೆ, ಬುಗ್ಗೆಯನ್ನು ನೋಡಲು ಬಂದವರು ಮೀನುಗಳಿಗೆಂದು ಎಸೆದ ಬ್ರೆಡ್ಡಿನಿಂದ ಬಂದ ಜಮಾ 486. ಅಂತು ಜಮಾ 21,296.

ಖರ್ಚಿನಲ್ಲಿ, ಸಸ್ಯಗಳು ತಮ್ಮ ಉಸಿರಾಟಕ್ಕೆ ಉರಿಸಿಕೊಂಡುದು 11,977. ಅವುಗಳಲ್ಲಿ ಉಳಿದ 8,833ರಲ್ಲಿ ಸಸ್ಯಾಹಾರಿಗಳಾದ ಬಸವನಹುಳು, ಆಮೆ ಮೊದಲಾದವಕ್ಕೆ ದಕ್ಕಿದುದು 3,368. ಅವು ಖರ್ಚು ಮಾಡಿದುದು 1,890. ಇವನ್ನು ತಿನ್ನುವ ಮೀನು ಮೊದಲಾದವಕ್ಕೆ ದಕ್ಕಿದುದು 383, ಖರ್ಚು 316. ಆ ಮೀನುಗಳನ್ನೂ ತಿನ್ನುವ ದೊಡ್ಡ ಮೀನುಗಳಿಗೆ ದಕ್ಕಿದುದು ಕೇವಲ 21; ಖರ್ಚು 13. ಸತ್ತ ಎಲೆ, ಹಿಕ್ಕೆ, ಹೆಣಗಳನ್ನು ತಿಂದು ಕೊಳೆಯಿಸುವ ಸೂಕ್ಷ್ಮ ಜೀವಿಗಳ ಪಾಲಿಗೆ ಬಂದುದು 5,060, ಖರ್ಚು 4,600. ನೀರಿನೊಡನೆ ಕೆಳಕ್ಕೆ ಕೊಚ್ಚಿಹೋದುದು 2,500. ಉಸಿರಾಟದ ಖರ್ಚು ಒಟ್ಟು 18,796; ಕೊಚ್ಚಿಹೋದುದನ್ನು ಸೇರಿಸಿದರೆ 21,296. ವರ್ಷದ ಕೊನೆಗೆ ಶಿಲ್ಕು ಏನೂ ಇಲ್ಲ.

ಈ ಪುಸ್ತಕದಲ್ಲಿ ಮೂರು ಸಂಗತಿಗಳನ್ನು ಗಮನಿಸತಕ್ಕದ್ದು. ದಾಟಿದ ಪ್ರತಿಯೊಂದು ಕೈಯಲ್ಲಿಯೂ ಬಹುಭಾಗವು ಉಸಿರಾಟಕ್ಕೆ ಖರ್ಚಾಗಿ ಕಾವಾಯಿತು. ಆದಕಾರಣವೇ ನಾಲ್ಕನೆಯ ಕೈಗೆ 21 ಉಳಿಯಿತು, ಐದನೆಯ ಕೈಗೆ ಏನೂ ಉಳಿಯಲಿಲ್ಲ. ಕಾಡಿನಲ್ಲಿ ಜಿಂಕೆಗಳು ನೂರಾರಿದ್ದರೆ ಹುಲಿ ಒಂದೋ ಎರಡೋ ಇರುವುದಕ್ಕೂ, ಹುಲಿಯನ್ನೇ ತಿಂದು ಬದುಕುವ ಮೃಗವೊಂದು ಇಲ್ಲದಿರುವುದಕ್ಕೂ ಕಾರಣವು ಇದೇ. ಒಂದು ಕೈಯಿಂದ ಇನ್ನೊಂದಕ್ಕೆ ಹತ್ತರಲ್ಲಿ ಒಂದು ಪಾಲು ದಾಟುವುದೆಂದು ಪಾಠಪುಸ್ತಕಗಳಲ್ಲಿ ಹೇಳುವುದುಂಟು. ಅದು ಕೇವಲ ಅಂದಾಜು, ಕಟ್ಟಳೆಯಲ್ಲ. ಈ ಬುಗ್ಗೆಯಲ್ಲಿಯೇ ಮೊದಲ ಸಲ ನೂರಕ್ಕೆ 38, ಎರಡನೆಯ ಸಲ 11, ಮೂರನೆಯ ಸಲ 5ರಂತೆ ದಾಟಿದೆ. ಮೂರನೆಯ ಸಂಗತಿಯೇ ರೈತರಿಗೆ ಹೆಚ್ಚು ಮುಖ್ಯವಾದದ್ದು. ಸಸ್ಯಗಳನ್ನು ಬಿಟ್ಟರೆ ಎಲ್ಲಕ್ಕಿಂತ ದೊಡ್ಡ ಖರ್ಚುಗಾರರು ಮೀನೂ ಅಲ್ಲ, ಆಮೆಯೂ ಅಲ್ಲ. ಕಣ್ಣಿಗೆ ಕಾಣದ ಕೊಳೆಯಿಸುವ ಜೀವಿಗಳು. ಹೊಲದ ಮಣ್ಣಿನಲ್ಲಿಯೂ ಇದೇ ಸ್ಥಿತಿ.

ಕೊಟ್ಟಿಗೆಯ ಲೆಕ್ಕ

ಬುಗ್ಗೆಯ ಆಮೆಯ ಸ್ಥಾನದಲ್ಲಿ ಗ್ರಾಮದಲ್ಲಿರುವುದು ದನ. ಮನುಷ್ಯನಿಗೆ ಜೀರ್ಣವಾಗದ ರಾಗಿಹುಲ್ಲನ್ನೂ ಬದುವಿನ ಗರಿಕೆಯನ್ನೂ ಹಾಲಾಗಿ, ಉಳುಮೆಯಾಗಿ ಮಾರ್ಪಡಿಸುವುದು ಅದರ ದೊಡ್ಡ ಉಪಕಾರ. ಆದುದರಿಂದ, ದಾಟುವ ಕೈ ಒಂದು ಹೆಚ್ಚಾದರೆ ನಷ್ಟವೆಂಬ ಮಾತನ್ನು ಹುಲ್ಲು ತಿನ್ನುವ ಹಸುವಿಗೆ ಅನ್ವಯಿಸಿ, ಹಸುವೇ ಬೇಡವೆನ್ನುವುದು ತಪ್ಪು. ಮನುಷ್ಯನು ತಿನ್ನಬಹುದಾದ ಕಾಳನ್ನೇ ಪ್ರಾಣಿಗೆ ಹಾಕಿದಾಗ ಮಾತ್ರ ಆ ಮಾತು ಪೂರ್ತಿಯಾಗಿ ಸಲ್ಲುವುದು. ದಾವಣಗೆರೆ, ಹಾವೇರಿಗಳ ಕಡೆಯ ಮುಸುಕಿನ ಜೋಳದ ಬಹುಭಾಗವು ಕೋಳಿಯ ಮೇವಿಗೆ ಹೋಗುವುದು ಈ ಬಗೆಯದು. ಅದು ಹಣದ ಲೆಕ್ಕದಲ್ಲಿ ಲಾಭವಾಗಿರಬಹುದು, ಹೊಟ್ಟೆಯ ಲೆಕ್ಕವು ಬೇರೆ.

ದನವು ತಿಂದ ಹುಲ್ಲಿನ ಶಕ್ತಿಯಲ್ಲಿ ಸುಮಾರು ಅರ್ಧವು ಜೀರ್ಣವಾಗದೆ ಸೆಗಣಿಯಲ್ಲಿ ಹೊರಬೀಳುವುದು. ನೂರಕ್ಕೆ ಆರರಷ್ಟು ಮೆಲುಕುಹಾಕುವಾಗ ತೇಗಿನಲ್ಲಿ ಉರಿಯುವ ವಾಯುವಾಗಿ ಹೋಗುತ್ತದೆ. ಸ್ವಲ್ಪವು ಗಂಜಲದಲ್ಲಿ ಹೋಗುತ್ತದೆ. ಉಳಿದುದರಲ್ಲಿ ಮೊದಲನೆಯ ಹಕ್ಕು ದನದ ಜೀವನಾಂಶದ್ದು. ನಿಂತಿರುವುದಕ್ಕೆ, ಉಸಿರಾಡುವುದಕ್ಕೆ, ಮೈ ಬೆಚ್ಚಗಿರುವುದಕ್ಕೆ ಬೇಕಾದಷ್ಟನ್ನು ಅದು ಮೊದಲು ತೆಗೆದುಕೊಳ್ಳುತ್ತದೆ. ಅದು ಸಂದ ಮೇಲೆ ಮಿಕ್ಕರೆ ಹಾಲು, ಕರು, ಉಳುಮೆ. ಮಿಗದಿದ್ದರೆ ಏನೂ ಇಲ್ಲ.

ಒಂದು ಮನೆಯಲ್ಲಿ ವರ್ಷಕ್ಕೆ ನೂರು ಹೊರೆ ಮೇವು ಇದೆಯೆಂದೂ, ಒಂದೊಂದು ದನದ ಜೀವನಾಂಶಕ್ಕೆ ಹತ್ತು ಹೊರೆ ಬೇಕೆಂದೂ ಇಟ್ಟುಕೊಂಡರೆ, ಹತ್ತು ದನ ಕಟ್ಟಿದವನ ನೂರು ಹೊರೆಯೂ ಅವುಗಳ ಉಸಿರಾಟದಲ್ಲಿಯೇ ಮುಗಿಯಿತು. ಅವನ ಕೊಟ್ಟಿಗೆ ತುಂಬಿದೆ, ಕರೆಯುವ ಚೊಂಬು ಬರಿದಾಗಿದೆ. ಅಷ್ಟೇ ಮೇವಿನಲ್ಲಿ ಆರು ದನ ಕಟ್ಟಿದವನಿಗೆ ಅರವತ್ತು ಹೊರೆ ಜೀವನಾಂಶಕ್ಕೆ ಹೋಗಿ ನಲವತ್ತು ಹೊರೆ ಹಾಲಿಗೂ ದುಡಿಮೆಗೂ ಉಳಿಯಿತು. ಸೆಗಣಿಯಾದರೂ ಹತ್ತು ದನದವನಿಗೆ ಹೆಚ್ಚಾಯಿತೆ ಎಂದರೆ, ಅದೂ ಇಲ್ಲ. ಸೆಗಣಿಯು ತಿಂದ ಹುಲ್ಲಿನ ಶೇಷವೇ ಹೊರತು ದನವು ಹುಟ್ಟಿಸಿದ ಪದಾರ್ಥವಲ್ಲ. ಮೇವು ನೂರು ಹೊರೆಯೇ ಆದಮೇಲೆ ಸೆಗಣಿಯೂ ಹೆಚ್ಚುಕಡಮೆ ಒಂದೇ.

ಹತ್ತು ದನದವನು ತನ್ನ ದನಗಳನ್ನು ಗೋಮಾಳದಲ್ಲಿ ಮೇಯಿಸಿ ಸೆಗಣಿಯನ್ನು ತನ್ನ ಹೊಲಕ್ಕೆ ತಂದರೆ ಅವನಿಗೆ ಗೊಬ್ಬರವು ಹೆಚ್ಚುವುದು ನಿಜ. ಆದರೆ ಅದು ಗೋಮಾಳದ ಸಾರವೇ ಹೊರತು ಹೊಸ ಸಂಪಾದನೆಯಲ್ಲ. ಗ್ರಾಮದ ಎಲ್ಲರ ಆಸ್ತಿಯು ಒಬ್ಬನ ಹೊಲಕ್ಕೆ ಬಂದಂತೆ. ಗ್ರಾಮದ ಮುಖಂಡರು ಇನ್ನೊಂದು ವಿಷಯವನ್ನೂ ಯೋಚಿಸಬೇಕು. ಹುಲ್ಲಿಗೆ ಎಲೆಯೇ ಬಂಡವಾಳ. ಮೊಳೆತ ಎಲೆಯನ್ನು ಮೊಳೆತಂತೆಯೇ ದನಗಳು ಕಚ್ಚಿದರೆ ಬಿಸಿಲನ್ನು ಹಿಡಿಯುವುದಕ್ಕೆ ಏನೂ ಉಳಿಯದೆ, ಹುಲ್ಲು ಬೇರಿನಲ್ಲಿದ್ದ ಶೇಖರವನ್ನು ತಿಂದು ಬದುಕಿ, ಅದೂ ತೀರಿದಮೇಲೆ ಸಾಯುತ್ತದೆ. ಮಳೆಗಾಲದ ಆರಂಭದಲ್ಲಿ ಗೋಮಾಳವನ್ನು ಮೂರು ನಾಲ್ಕು ಪಾಲುಗಳಾಗಿ ಮಾಡಿ, ಸರದಿಯ ಮೇಲೆ ಒಂದೊಂದನ್ನು ಕೆಲವು ವಾರ ಮುಚ್ಚಿದರೆ, ಮೇಯಲು ದೊರೆಯುವ ನೆಲವು ಕಡಮೆಯಾದರೂ ಒಟ್ಟು ಹುಲ್ಲು ಹೆಚ್ಚುವುದು. ಇದನ್ನು ಒಬ್ಬ ರೈತನು ಮಾಡಲಾರನು. ಊರು ಒಪ್ಪಿದರೆ ಆಗುವ ಕೆಲಸ.

ಕೆರೆಯಲ್ಲಿ ಮೀನು ಸಾಕುವ ಊರುಗಳಿಗೂ ಈ ನ್ಯಾಯವೇ ಅನ್ವಯಿಸುವುದು. ಪಾಚಿ, ನೀರುಗಿಡ ಮತ್ತು ಸಣ್ಣ ಹುಳುಗಳನ್ನು ತಿನ್ನುವ ರೋಹು, ಕಾಟ್ಲಾ, ಬೆಳ್ಳಿಗೆಂಡೆಗಳು ಬಿಸಿಲಿಗೆ ಹತ್ತಿರದವು. ಇತರ ಮೀನುಗಳನ್ನು ಹಿಡಿದು ತಿನ್ನುವ ಕೊರವಿನ ಮೀನು ದೂರದ್ದು. ಒಂದೇ ಕೆರೆಯಿಂದ ಮೊದಲ ಬಗೆಯ ಮೀನು ಹೆಚ್ಚು ತೂಕ ದೊರೆಯುವುದಕ್ಕೆ ಇದೇ ಕಾರಣ.

ಬೆರಣಿ

ಸೆಗಣಿಯಲ್ಲಿ ಉಳಿದಿರುವ ಶಕ್ತಿಯು ಅಲ್ಪವಲ್ಲ. ಹುಲ್ಲಿನ ಶಕ್ತಿಯ ಅರ್ಧವು ಅದರಲ್ಲಿಯೇ ಇದೆಯೆಂದು ಮೇಲೆ ಹೇಳಿದೆ. ಆ ಅರ್ಧವನ್ನು ಮಣ್ಣಿಗೆ ಕೊಡಬಹುದು, ಒಲೆಗೆ ಕೊಡಬಹುದು; ಒಂದು ಸಲ ಒಲೆಗೆ ಕೊಟ್ಟ ಮೇಲೆ ಮಣ್ಣಿಗಿಲ್ಲ.

ಒಲೆಗೆ ಕೊಟ್ಟದ್ದಾದರೂ ಅಡಿಗೆಗೆ ಸಲ್ಲುವುದೆ? ಸಾಮಾನ್ಯ ಮಣ್ಣೊಲೆಯಲ್ಲಿ ಉರಿದ ಕಾವಿನಲ್ಲಿ ಪಾತ್ರೆಯನ್ನು ಸೇರುವುದು ನೂರಕ್ಕೆ ಸುಮಾರು 10 ಮಾತ್ರ. ಮಿಕ್ಕ 90 ಗೋಡೆಗೂ ಹೊಗೆಗೂ ಹೆಂಗಸರ ಕಣ್ಣಿಗೂ ಹೋಗುತ್ತದೆ. 25 ಕಿಲೋ ಹಸಿ ಸೆಗಣಿಯನ್ನು ತಟ್ಟಿದರೆ ಸುಮಾರು 5 ಕಿಲೋ ಬೆರಣಿಯಾಗುವುದು. ಕಿಲೋಗೆ 3,000ದಂತೆ ಅದರಲ್ಲಿ 15,000 ಕಿಲೋಕ್ಯಾಲರಿಗಳಿದ್ದರೂ ಪಾತ್ರೆಗೆ ಮುಟ್ಟುವುದು 1,500. ಅದೇ 25 ಕಿಲೋ ಸೆಗಣಿಯನ್ನು ಗೋಬರ್ ಗ್ಯಾಸಿನ ತೊಟ್ಟಿಗೆ ಹಾಕಿದರೆ ಸುಮಾರು ಒಂದು ಘನಮೀಟರು ಅನಿಲವು ಬರುವುದು. ಅದರಲ್ಲಿ 5,000 ಕಿಲೋಕ್ಯಾಲರಿಗಳೇ ಇದ್ದರೂ, ಅನಿಲದ ಒಲೆಯು ಅರ್ಧಕ್ಕಿಂತ ಹೆಚ್ಚನ್ನು ಪಾತ್ರೆಗೆ ಮುಟ್ಟಿಸುವುದರಿಂದ 2,500ಕ್ಕೆ ಮೇಲ್ಪಟ್ಟು ದೊರೆಯುತ್ತದೆ. ಇದು ಸಾಲದೆಂಬಂತೆ, ತೊಟ್ಟಿಯಿಂದ ಹೊರಬೀಳುವ ಬಗ್ಗಡದಲ್ಲಿ ಸಾರಜನಕವು ಹಾಗೆಯೇ ಉಳಿದಿರುತ್ತದೆ.

ಬೆರಣಿಯನ್ನು ಸುಟ್ಟಾಗ ರಂಜಕವೂ ಪೊಟ್ಯಾಷೂ ಬೂದಿಯಲ್ಲಿ ಉಳಿಯುತ್ತವೆ; ಆ ಬೂದಿಯನ್ನು ಹೊಲಕ್ಕೆ ಹಾಕಿದರೆ ನಷ್ಟವಿಲ್ಲ. ಸಾರಜನಕವಾದರೋ ಹೊಗೆಯಲ್ಲಿ ಹೋಗುವುದು. ಒಣ ಸೆಗಣಿಯಲ್ಲಿ ನೂರಕ್ಕೆ ಸುಮಾರು ಒಂದೂವರೆಯಂತೆ ಸಾರಜನಕವಿರುವುದರಿಂದ, ಒಂದೂವರೆ ಟನ್ ಬೆರಣಿಯನ್ನು ಸುಟ್ಟ ಮನೆಯು 45 ಕಿಲೋಗಳ ಒಂದು ಮೂಟೆ ಯೂರಿಯಾದಲ್ಲಿರುವಷ್ಟು ಸಾರಜನಕವನ್ನು ಒಲೆಯ ಬಾಯಿಂದ ಕಳೆದುಕೊಂಡಂತೆ. ಆಮೇಲೆ ಆ ಮೂಟೆಯನ್ನು ಅಂಗಡಿಯಿಂದ ತರಬೇಕು. ಯೂರಿಯಾವಾದರೂ ಬಿಸಿಲಿಲ್ಲದೆ ಆದುದಲ್ಲ. ಯುಗಯುಗಗಳ ಹಿಂದೆ ಸಸ್ಯಗಳೂ ಸಮುದ್ರದ ಪಾಚಿಯೂ ಹಿಡಿದಿಟ್ಟು, ಕೊಳೆಯಿಸುವ ಜೀವಿಗಳ ಕೈಗೆ ಸಿಕ್ಕದೆ ಕೆಸರಿನಡಿಯಲ್ಲಿ ಹೂತುಹೋದ ಶಕ್ತಿಯೇ ಇಂದಿನ ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ನೆಲದನಿಲ. ಒಂದು ಕಿಲೋ ಸಾರಜನಕವನ್ನು ಗಾಳಿಯಿಂದ ಹಿಡಿದು ಯೂರಿಯಾ ಮಾಡಲು ಹೆಚ್ಚುಕಡಮೆ ಒಂದು ಲೀಟರು ಡೀಸಲಿನಷ್ಟು ಅಥವಾ ಅದಕ್ಕೂ ಮಿಗಿಲಾದ ಶಕ್ತಿಯು ಖರ್ಚಾಗುತ್ತದೆ. ಟ್ರಾಕ್ಟರಿನ ಉಳುಮೆಯೂ ಆ ಹಳೆಯ ಬಿಸಿಲಿನಿಂದಲೇ. ಈ ವರ್ಷದ ಬಿಸಿಲಿನ ಸೆಗಣಿಯನ್ನು ಸುಟ್ಟು, ಹಳೆಯ ಬಿಸಿಲಿನ ಗೊಬ್ಬರವನ್ನು ಹಣ ಕೊಟ್ಟು ಕೊಳ್ಳುವುದು ಎರಡು ಕಡೆ ತೆರಿಗೆ ತೆತ್ತಂತೆ.

ಸೌದೆಯಿಲ್ಲದವರು ಬೆರಣಿಯನ್ನು ತಟ್ಟುವುದು ಹಟದಿಂದಲ್ಲ, ಬೇರೆ ದಾರಿಯಿಲ್ಲದೆ. ಅಡಿಗೆಯ ಅನಿಲವು ಈಗ ಹಳ್ಳಿಗಳಿಗೂ ಬಂದಿದ್ದರೂ, ಸಿಲಿಂಡರಿನ ಬೆಲೆಗೆ ಅಂಜಿ ಮಣ್ಣೊಲೆಯನ್ನು ಬಿಡದ ಮನೆಗಳು ಅನೇಕವಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮಗಳ ಉಪಯೋಗಕ್ಕಾಗಿಯೇ 1974ರಲ್ಲಿ ಸ್ಥಾಪಿತವಾದ 'ಅಸ್ತ್ರ' ಎಂಬ ವಿಭಾಗದವರು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಮತ್ತು ಸುತ್ತಣ ಹಳ್ಳಿಗಳಲ್ಲಿ ಶಕ್ತಿಯ ಜಮಾಖರ್ಚನ್ನು ಮನೆಮನೆಗೆ ಹೋಗಿ ಬರೆದುಕೊಂಡರು. ಹಳ್ಳಿಗಳಲ್ಲಿ ಖರ್ಚಾಗುವ ಶಕ್ತಿಯಲ್ಲಿ ಸಿಂಹಪಾಲು ಸೌದೆಯದೆಂದೂ, ಅದು ಉರಿಯುವುದು ಮುಖ್ಯವಾಗಿ ಅಡಿಗೆಯ ಒಲೆಯಲ್ಲೆಂದೂ ಇದರಿಂದ ತಿಳಿದುಬಂತು. ಮೂರು ಪಾತ್ರೆಗಳನ್ನಿಡುವ 'ಅಸ್ತ್ರ ಒಲೆ'ಯು ಹುಟ್ಟಿದುದು ಈ ಕೆಲಸದಿಂದಲೇ. ಅದೇ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ 1987ರಿಂದ ಅನೇಕ ವರ್ಷಕಾಲ ಊರಿನ ಸೆಗಣಿಯನ್ನೆಲ್ಲ ಒಂದೇ ತೊಟ್ಟಿಗೆ ಹಾಕಿ, ಬಂದ ಅನಿಲದಿಂದ ಎಂಜಿನನ್ನು ನಡೆಸಿ, ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಲಾಯಿತು. ಸೆಗಣಿ ತಂದವರಿಗೆ ತಂದಷ್ಟರ ಪ್ರಮಾಣದಲ್ಲಿ ಬಗ್ಗಡವನ್ನು ಸೋಸಿ ಹಿಂದಕ್ಕೆ ಕೊಡುವ ಏರ್ಪಾಡು ಅಲ್ಲಿ ಇತ್ತು. ಶಕ್ತಿಯನ್ನು ಊರು ಉಪಯೋಗಿಸಿಕೊಂಡಿತು. ಲವಣಾಂಶವು ಅವರವರ ಹೊಲಕ್ಕೆ ಹೋಯಿತು. ಇಂತಹ ಕೆಲಸದಲ್ಲಿ ತೊಟ್ಟಿಯನ್ನು ಕಟ್ಟುವುದು ಸುಲಭ. ಸೆಗಣಿಯ ತೂಕದಲ್ಲಿ ಜಗಳವಾಗದಂತೆ ನೋಡಿಕೊಳ್ಳುವುದೇ ಮುಖಂಡರ ಪಾಲಿನ ಕಷ್ಟ.

ಮಣ್ಣಿನೊಳಗಿನ ಖರ್ಚುಗಾರರು

ಮಣ್ಣಿಗೆ ಹಾಕಿದ ಗೊಬ್ಬರವೂ ಅಲ್ಲಿ ಶಾಶ್ವತವಾಗಿ ಕುಳಿತಿರುವುದಿಲ್ಲ. ಎರೆಹುಳು, ಗೆದ್ದಲು, ಬೂಷ್ಟು ಮತ್ತು ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಅದನ್ನು ತಿಂದು, ಶಕ್ತಿಯನ್ನು ಉಸಿರಾಟಕ್ಕೆ ಖರ್ಚುಮಾಡಿ, ಇಂಗಾಲಾಮ್ಲ ವಾಯುವನ್ನು ಹೊರಬಿಟ್ಟು, ಲವಣಾಂಶವನ್ನು ಪೈರಿನ ಬೇರಿಗೆ ಬಿಟ್ಟುಕೊಡುತ್ತವೆ. ಮಣ್ಣಿನ ಹೆಂಟೆಯನ್ನು ಪುಡಿಪುಡಿಯಾಗಿ ಕಟ್ಟುವುದು, ನೀರು ಇಂಗುವಂತೆ ಬಿಲ ತೋಡುವುದು ಇವೆಲ್ಲವೂ ಅವುಗಳ ದುಡಿಮೆ. ಕೂಲಿ ಕೊಡದೆ ಅವು ದುಡಿಯಲಾರವು. ಆ ಕೂಲಿಯೇ ಗೊಬ್ಬರದಲ್ಲಿರುವ ಶಕ್ತಿ. ಯೂರಿಯಾದಲ್ಲಿ ಸಾರಜನಕವಿದೆ, ಈ ಕೂಲಿಯಿಲ್ಲ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ 1843ರಿಂದ ಇಂದಿನವರೆಗೆ ನಡೆಯುತ್ತಿರುವ ಗೋಧಿಯ ಹೊಲದ ಪರೀಕ್ಷೆಯು ಜಗತ್ಪ್ರಸಿದ್ಧವಾದದ್ದು. ಅಲ್ಲಿ ಒಂದು ತಾಕಿಗೆ ವರ್ಷವರ್ಷವೂ ಎಕರೆಗೆ ಸುಮಾರು 14 ಟನ್ ಕೊಟ್ಟಿಗೆ ಗೊಬ್ಬರವನ್ನು ಹಾಕುತ್ತ ಬಂದರು. ಗೊಬ್ಬರವಿಲ್ಲದ ತಾಕಿಗಿಂತ ಅದರ ಮಣ್ಣಿನ ಸಾವಯವಾಂಶವು ಎರಡರಷ್ಟಕ್ಕೂ ಮಿಗಿಲಾಯಿತು. ಆದರೆ ಆ ಏರಿಕೆಯು ಮೊದಲು ಚುರುಕಾಗಿದ್ದು ಬರಬರುತ್ತ ನಿಧಾನವಾಯಿತು. ಗೊಬ್ಬರವು ಹೆಚ್ಚಿದಂತೆ ತಿನ್ನುವ ಜೀವಿಗಳೂ ಹೆಚ್ಚಿ, ವರ್ಷಕ್ಕೆ ಹಾಕಿದಷ್ಟನ್ನು ಬಹುಮಟ್ಟಿಗೆ ಅವೇ ಉರಿಸತೊಡಗಿದವು. ಇದು ತಂಪಾದ ದೇಶದ ಮಾತು. ಹತ್ತು ಡಿಗ್ರಿ ಸೆಖೆಯೇರಿದರೆ ಈ ಉರಿಯು ಸುಮಾರು ಎರಡರಷ್ಟಾಗುವುದರಿಂದ, ಬಯಲುಸೀಮೆಯ ಮಣ್ಣಿನಲ್ಲಿ ಗೊಬ್ಬರವು ಇನ್ನೂ ಬೇಗ ಕರಗುತ್ತದೆ. ಒಂದು ವರ್ಷ ಗಾಡಿಗಟ್ಟಲೆ ಹೊಡೆದು ನಾಲ್ಕು ವರ್ಷ ಸುಮ್ಮನಿರುವುದಕ್ಕಿಂತ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕುವುದು ಮೇಲೆನ್ನುವುದಕ್ಕೆ ಇದೇ ಕಾರಣ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಖುಷ್ಕಿ ಹೊಲದಲ್ಲಿ 1978ರಲ್ಲಿ ಆರಂಭವಾದ ರಾಗಿಯ ಪರೀಕ್ಷೆಯಲ್ಲಿಯೂ, ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರದೊಡನೆ ಅಂಗಡಿ ಗೊಬ್ಬರವನ್ನೂ ಹಾಕಿದ ತಾಕುಗಳು ವರ್ಷದಿಂದ ವರ್ಷಕ್ಕೆ ಇಳುವರಿಯನ್ನು ಕಾಪಾಡಿಕೊಂಡವು. ಅಂಗಡಿ ಗೊಬ್ಬರವನ್ನೇ ನಂಬಿದ ತಾಕುಗಳಲ್ಲಿ ಇಳುವರಿಯು ಇಳಿಯುತ್ತ ಹೋಯಿತು.

ಕಬ್ಬಿನ ತರಗಿಗೆ ಹೊಲದಲ್ಲಿಯೇ ಬೆಂಕಿಯಿಡುವ ಅಭ್ಯಾಸದ ಕುರಿತು ಇಷ್ಟೇ ಹೇಳಿದರೆ ಸಾಕು: ವರ್ಷವೆಲ್ಲ ಮಣ್ಣಿನ ಜೀವಿಗಳಿಗೆ ಆಗಬೇಕಾಗಿದ್ದ ಕೂಲಿಯು ಒಂದು ಗಳಿಗೆಯಲ್ಲಿ, ಒಂದು ಹುಳುವಿನ ಹೊಟ್ಟೆಯನ್ನೂ ತುಂಬದೆ, ಆಕಾಶಕ್ಕೆ ಹೋಗುತ್ತದೆ.

ಗುಂಡಿಯ ಗೊಬ್ಬರ

ತಿಪ್ಪೆಯಲ್ಲಿಯೂ ಕಾವು ಹೊರಡುತ್ತದೆ. ಕೆದಕಿದ ತಿಪ್ಪೆಯಿಂದ ಮುಂಜಾನೆ ಏಳುವ ಹಬೆಯು ಅದರ ಗುರುತು. ಆ ಕಾವು ಹೋದಷ್ಟೂ ಮಣ್ಣಿಗೆ ಸೇರುವ ಶಕ್ತಿಯು ಕಡಮೆ. ಬಿಸಿಲಿಗೂ ಗಾಳಿಗೂ ಬಿದ್ದ ತಿಪ್ಪೆಯಿಂದ ಸಾರಜನಕವೂ ಅದರೊಡನೆ ಹಾರಿಹೋಗುತ್ತದೆ. ಇಂದೂರಿನಲ್ಲಿ ಆಲ್ಬರ್ಟ್ ಹೊವರ್ಡ್ ಅವರು ರೂಪಿಸಿದ ಕ್ರಮದಲ್ಲಿ ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುವುದರಿಂದ ಗೊಬ್ಬರವು ಮೂರು ನಾಲ್ಕು ತಿಂಗಳಲ್ಲಿ ಸಿದ್ಧವಾಗುವುದು, ಆದರೆ ಉರಿದುಹೋಗುವ ಭಾಗವು ಹೆಚ್ಚು. 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ಕ್ರಮದಲ್ಲಿ ಗುಂಡಿಯನ್ನು ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಬಿಡುವುದು. ಗಾಳಿಯು ಸಿಕ್ಕದಿರುವುದರಿಂದ ಉರಿಯು ಮಂದವಾಗಿ, ಆರರಿಂದ ಎಂಟು ತಿಂಗಳು ಹಿಡಿಯುವುದಾದರೂ ಸಾವಯವಾಂಶವೂ ಸಾರಜನಕವೂ ಹೆಚ್ಚಾಗಿ ಉಳಿಯುತ್ತವೆ. ಮಗುಚುವ ಆಳಿನ ಖರ್ಚಿಲ್ಲದಿರುವುದೂ, ನೀರು ಹೆಚ್ಚು ಬೇಕಾಗದಿರುವುದೂ ಬಯಲುಸೀಮೆಯ ಖುಷ್ಕಿ ರೈತನಿಗೆ ಅನುಕೂಲ.

ಗುಂಡಿಯನ್ನು ನೀರು ನಿಲ್ಲದ ಎತ್ತರದ ಸ್ಥಳದಲ್ಲಿ ಸುಮಾರು 3 ಅಡಿ ಆಳಕ್ಕೆ ತೋಡಬೇಕು. ದನ ತಿಂದು ಬಿಟ್ಟ ಕೊನೆಹುಲ್ಲು, ತೊಗರಿಯ ಕಡ್ಡಿ, ಕಳೆ, ಹೊಂಗೆಯ ಎಲೆ ಮೊದಲಾದುವನ್ನು ಒಂದು ಗೇಣು ದಪ್ಪಕ್ಕೆ ಹರಡಿ ನೀರು ಚಿಮುಕಿಸಿ, ಅದರ ಮೇಲೆ ಎರಡು ಅಂಗುಲ ಸೆಗಣಿಯನ್ನೂ ಗಂಜಲದಲ್ಲಿ ನೆನೆದ ಕೊಟ್ಟಿಗೆಯ ಮಣ್ಣನ್ನೂ ಹಾಕಬೇಕು. ಹೀಗೆ ಪದರ ಪದರವಾಗಿ ನೆಲದ ಮಟ್ಟಕ್ಕಿಂತ ಒಂದು ಗೇಣು ಮೇಲಕ್ಕೆ ಬರುವಂತೆ ತುಂಬಿ, ಕೆರೆಗೋಡಿನಿಂದಲೋ ಕೆಸರಿನಿಂದಲೋ ಬಿರುಕಿಲ್ಲದಂತೆ ಮೆತ್ತತಕ್ಕದ್ದು. ಕೆಲವು ದಿನಗಳಲ್ಲಿ ಮೆತ್ತಿಗೆಯು ಕುಸಿದು ಬಿರುಕು ಕಾಣಿಸಿದರೆ ಆ ಬಿರುಕನ್ನು ಕೂಡಲೇ ಮುಚ್ಚಬೇಕು. ರಾಗಿಯ ಒಕ್ಕಣೆ ಮುಗಿದು ಕೈಗೆ ಬಿಡುವು ದೊರೆಯುವ ಮಾರ್ಗಶಿರದಲ್ಲಿ ಮುಚ್ಚಿದ ಗುಂಡಿಯು ಆಷಾಢದ ಬಿತ್ತನೆಗೆ ಸರಿಯಾಗಿ ತೆರೆಯಲು ಬರುತ್ತದೆ.